ವಾಯಿದೆ ಮೊದಲು, ಅರ್ಜಿ ಆಮೇಲೆ: ಕೋರ್ಟಿನಲ್ಲಿ ಉಚಿತ ವಕೀಲರನ್ನು ಪಡೆಯುವ ಸಮಗ್ರ ಮಾರ್ಗದರ್ಶಿ

ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಉಚಿತ ಕಾನೂನು ನೆರವು ಕೇಳಿಕೊಂಡು ಹೋದವರು ಬರಿಗೈಲಿ ವಾಪಸಾಗುವುದಕ್ಕೆ ಅರ್ಹತೆ ಇಲ್ಲದಿರುವುದು ಕಾರಣವಾಗುವುದು ಅಪರೂಪ. ಕೆಲಸದ ಕ್ರಮ ತಪ್ಪಿರುತ್ತದೆ. ಸಮನ್ಸ್ ಬಂದು ಎರಡು ತಿಂಗಳು ಕಳೆದ ಮೇಲೆ ಬರುತ್ತಾರೆ, ಇಲ್ಲವೇ ಅರ್ಜಿ ಕೊಟ್ಟಾಯಿತಲ್ಲ ಎಂದು ನಿಶ್ಚಿಂತೆಯಿಂದ ಮನೆಯಲ್ಲಿ ಕೂರುತ್ತಾರೆ. ಅಷ್ಟರಲ್ಲಿ ಕೇಸು ಎಕ್ಸ್‌ಪಾರ್ಟಿ ಆಗಿರುತ್ತದೆ, ಅಂದರೆ ಅವರ ಗೈರುಹಾಜರಿಯಲ್ಲೇ ಮುಂದೆ ಹೋಗಿರುತ್ತದೆ. ಕಾನೂನು ಸೇವಾ ಕಚೇರಿಗೆ ಅರ್ಜಿ ಕೊಟ್ಟ ಮಾತ್ರಕ್ಕೆ ಕೋರ್ಟಿನ ವಾಯಿದೆಯೂ (ವಿಚಾರಣೆಗೆ ಕೊಟ್ಟ ದಿನ) ನಿಲ್ಲುವುದಿಲ್ಲ, ಕಾಯ್ದೆಯ ಗಡುವೂ ನಿಲ್ಲುವುದಿಲ್ಲ. ಮುಂದಿನ ಹಂತಗಳನ್ನೆಲ್ಲ ಈ ಮಾತನ್ನು ನೆನಪಿಟ್ಟುಕೊಂಡೇ ಓದಿ.

## ಹಂತ 1: ಕೈಗೆ ಬಂದ ಕಾಗದ ಓದಿ, ತಾರೀಖು ಬರೆದಿಡಿ

ಅಮೀನರು (ಕೋರ್ಟಿನ ಕಾಗದ ತಲುಪಿಸುವ ನೌಕರರು) ತಂದ ಸಮನ್ಸನ್ನು ಬೇಡ ಎನ್ನಬೇಡಿ. ತೆಗೆದುಕೊಳ್ಳದಿದ್ದರೆ ಕೇಸು ಮುಂದೆ ಹೋಗುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ, ಆದರೆ ಅದು ಪೂರ್ತಿ ತಪ್ಪು. ನಿರಾಕರಿಸಿದರೆ ಅಮೀನರು ಅದನ್ನೇ ಬರೆದುಕೊಂಡು, ಪ್ರತಿಯನ್ನು ಮನೆಯ ಬಾಗಿಲಿಗೆ ಅಂಟಿಸಿ ಕೋರ್ಟಿಗೆ ವರದಿ ಕೊಡುತ್ತಾರೆ. ಸಮನ್ಸ್ ಜಾರಿಯಾಗಿದೆ ಎಂದು ಕೋರ್ಟು ತೀರ್ಮಾನಿಸಬಹುದು. ಆಗ ಕೇಸು ನಡೆಯುವುದು ನಡೆಯುತ್ತದೆ, ನಿಮ್ಮ ಕೈಯಲ್ಲಿ ಮಾತ್ರ ದಾವೆಯ ಪ್ರತಿ ಇರುವುದಿಲ್ಲ.

ಸಮನ್ಸಿನಲ್ಲಿ ನೋಡಬೇಕಾದ್ದು ನಾಲ್ಕು: ಯಾವ ಊರಿನ ಯಾವ ಕೋರ್ಟು, ಕೇಸಿನ ನಂಬರು, ಹಾಜರಾಗಬೇಕಾದ ದಿನ, ಜೊತೆಗೆ ದಾವೆಯ ಪ್ರತಿ ಇದೆಯೇ ಎಂಬುದು. ನಂಬರಿನ ಮುಂದಿರುವ ಅಕ್ಷರಗಳು ಕೇಸು ಯಾವ ಬಗೆಯದೆಂದು ಹೇಳುತ್ತವೆ. ಓ.ಎಸ್. ಎಂದರೆ ಸಿವಿಲ್ ದಾವೆ, ಸಿ.ಸಿ. ಎಂದರೆ ಮ್ಯಾಜಿಸ್ಟ್ರೇಟ್ ಮುಂದಿನ ಕ್ರಿಮಿನಲ್ ಕೇಸು, ಎಂ.ವಿ.ಸಿ. ಎಂದರೆ ಅಪಘಾತ ಪರಿಹಾರ, ಎಂ.ಸಿ. ಎಂದರೆ ವಿವಾಹಕ್ಕೆ ಸಂಬಂಧಿಸಿದ್ದು, ಆರ್.ಎ. ಎಂದರೆ ಮೇಲ್ಮನವಿ.

ಸಮನ್ಸ್ ಕೈಸೇರಿದ ದಿನವನ್ನು ಅದರ ಹಿಂಬದಿಯಲ್ಲಿ ಪೆನ್ನಿನಿಂದಲೇ ಬರೆಯಿರಿ. ಸಿವಿಲ್ ದಾವೆಗೆ ಲಿಖಿತ ಹೇಳಿಕೆ, ಅಂದರೆ ನಿಮ್ಮ ತಕರಾರನ್ನು, ಅಂದಿನಿಂದ 30 ದಿನದೊಳಗೆ ಹಾಕಬೇಕು. ಕೋರ್ಟು ಕಾರಣ ಬರೆದು 90 ದಿನದವರೆಗೆ ಅವಕಾಶ ಕೊಡಬಹುದು. ಆ 90 ದಿನ ನಮ್ಮದೇ ಎಂದುಕೊಂಡವರೇ ಹೆಚ್ಚಾಗಿ ಕೆಡುವುದು.

ಕೇಸು ಹಾಕಬೇಕಾದವರು ನೀವೇ ಆಗಿದ್ದರೆ ಈ ಗಡುವುಗಳನ್ನು ನೋಡಿಕೊಳ್ಳಿ:

- ಕೈಸಾಲದ ವಸೂಲಿ: ಸಾಮಾನ್ಯವಾಗಿ 3 ವರ್ಷ.
- ಚೆಕ್ ಬೌನ್ಸ್: ಚೆಕ್ ವಾಪಸಾದ ಬಗ್ಗೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ, ಕೊಡದಿದ್ದರೆ ಅದರ ಮುಂದಿನ 1 ತಿಂಗಳೊಳಗೆ ದೂರು.
- ವಾಹನ ಅಪಘಾತ: ಕಾಯ್ದೆಯ ಪ್ರಕಾರ ಅಪಘಾತದ ದಿನದಿಂದ 6 ತಿಂಗಳು.
- ನಿಮ್ಮ ಗೈರಿನಲ್ಲಿ ಆದ ಎಕ್ಸ್‌ಪಾರ್ಟಿ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ರದ್ದು ಮಾಡಿಸಲು: ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ವಿಷಯ ತಿಳಿದ ದಿನದಿಂದ, ಜಾರಿಯಾಗಿದ್ದರೆ ಡಿಕ್ರಿಯ ದಿನದಿಂದ 30 ದಿನ.
- ಸಿವಿಲ್ ಮೇಲ್ಮನವಿ: ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ.

ಎಚ್ಚರಿಕೆಯ ಸೂಚನೆ: ನಿಮ್ಮ ಗಡುವಿಗೆ ಇನ್ನು ಹತ್ತೇ ದಿನ ಉಳಿದಿದ್ದರೆ ಎಲ್ಲ ಕಾಗದ ಸೇರಿಸಿಕೊಂಡು ಹೋಗೋಣ ಎಂದು ಕಾಯಬೇಡಿ. ಸಮನ್ಸು, ಆಧಾರ್ ಎರಡೇ ಹಿಡಿದು ನಾಳೆಯೇ ಹೋಗಿ. ಮಿಕ್ಕಿದ್ದನ್ನು ಆಮೇಲೆ ಕೊಡಬಹುದು.

## ಹಂತ 2: ಯಾವ ಬಾಗಿಲು ಎಂದು ಗೊತ್ತು ಮಾಡಿಕೊಳ್ಳಿ

ಕೇಸು ತಾಲ್ಲೂಕು ಕೋರ್ಟಿನಲ್ಲಿದ್ದರೆ ಅದೇ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬೇಕು. ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆಯವರು ಮೊದಲೇ ಮಂಡ್ಯಕ್ಕೆ ಬಸ್ ಹತ್ತುವ ಅಗತ್ಯವಿಲ್ಲ. ನಂಜನಗೂಡು, ಹುಣಸೂರು, ತಿ. ನರಸೀಪುರದವರು ಮೈಸೂರಿಗೆ ಓಡಿ ಬರಬೇಕಾಗಿಲ್ಲ. ಕೇಸು ಜಿಲ್ಲಾ ಕೇಂದ್ರದಲ್ಲಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಹೈಕೋರ್ಟಿನ ಮೇಲ್ಮನವಿಯಾದರೆ ಬೆಂಗಳೂರಿನ ಹೈಕೋರ್ಟ್ ಕಾನೂನು ಸೇವಾ ಸಮಿತಿ. ಅದಕ್ಕೂ ಮೊದಲ ಮಾತು ಜಿಲ್ಲಾ ಪ್ರಾಧಿಕಾರದಲ್ಲೇ ಆಡಬಹುದು, ಅವರು ದಾರಿ ಹೇಳುತ್ತಾರೆ. ಎಲ್ಲಿಗೆ ಹೋಗಬೇಕೆಂದೇ ಗೊತ್ತಾಗದಿದ್ದರೆ 15100ಕ್ಕೆ ಕರೆ ಮಾಡಿ. ಕರೆಗೆ ಕಾಸಿಲ್ಲ.

ಮೈಸೂರಿನವರಿಗೊಂದು ಕಿವಿಮಾತು. ನಗರದಲ್ಲಿ ಕೋರ್ಟುಗಳು ಒಂದೇ ಕಡೆ ಇಲ್ಲ. ಕೃಷ್ಣರಾಜ ಬುಲೆವಾರ್ಡ್ ಬಳಿಯ ಹಳೆಯ ಸಂಕೀರ್ಣ ಒಂದು, ಮಳಲವಾಡಿಯ ಸಂಕೀರ್ಣ ಇನ್ನೊಂದು. ನಿಮ್ಮ ಕೇಸು ಎಲ್ಲಿ ನಡೆಯುತ್ತದೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ತಪ್ಪು ಕಟ್ಟಡಕ್ಕೆ ಹೋಗಿ, ಆಟೋ ಹಿಡಿದು ಇನ್ನೊಂದಕ್ಕೆ ಬರುವಷ್ಟರಲ್ಲಿ ಹೆಸರು ಕೂಗಿ ಮುಗಿದಿರುತ್ತದೆ.

ಖಾತೆ ತಕರಾರು ಎಂದಾಕ್ಷಣ ಸಿವಿಲ್ ಕೋರ್ಟಿಗೆ ಬರುವವರು ಬಹಳ. ಮ್ಯುಟೇಷನ್ (ಖಾತೆ ಬದಲಾವಣೆ) ಆದೇಶದ ಮೇಲಿನ ಮೇಲ್ಮನವಿ ಹೋಗುವುದು ಉಪವಿಭಾಗಾಧಿಕಾರಿಯವರ (ಎಸಿ) ಹತ್ತಿರ. ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ ಮತ್ತು ಪಾಂಡವಪುರ, ಮೈಸೂರು ಜಿಲ್ಲೆಯಲ್ಲಿ ಮೈಸೂರು ಮತ್ತು ಹುಣಸೂರಿನಲ್ಲಿ ಎಸಿ ಕಚೇರಿಗಳಿವೆ. ಗಡುವು 60 ದಿನ. ಆದರೆ ಜಮೀನು ಯಾರದು ಎಂಬ ಹಕ್ಕಿನ ಪ್ರಶ್ನೆಯೇ ಎದ್ದಿದ್ದರೆ ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಕಾನೂನು ಸೇವೆ ರೆವಿನ್ಯೂ ಕೋರ್ಟಿಗೂ ಅನ್ವಯಿಸುತ್ತದೆ, ಹಾಗಾಗಿ ಎಸಿ ಕೋರ್ಟಿನ ಕೇಸಿಗೂ ಉಚಿತ ವಕೀಲರನ್ನು ಕೇಳಬಹುದು. ಇದು ತಿಳಿಯದೆ ಸಾಲ ಮಾಡಿ ಫೀಸು ಕಟ್ಟಿದವರು ಎಷ್ಟೋ ಮಂದಿ.

ಗಂಡನ ಮನೆ ಬಿಟ್ಟು ತವರಿಗೆ ಬಂದ ಹೆಣ್ಣುಮಕ್ಕಳು ಜೀವನಾಂಶದ ಅರ್ಜಿಯನ್ನಾಗಲಿ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಅರ್ಜಿಯನ್ನಾಗಲಿ ತಾವು ಈಗ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಾಗಿಲ್ಲ.

## ಹಂತ 3: ಅರ್ಹತೆ ನೋಡಿಕೊಳ್ಳಿ

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಂ ಇದನ್ನು ಹೇಳುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆ ಅಥವಾ ಜೀತಕ್ಕೆ ಸಿಕ್ಕಿದವರು, ಬರ, ನೆರೆಯಂಥ ವಿಪತ್ತಿಗೆ ತುತ್ತಾದವರು, ಬಂಧನದಲ್ಲಿರುವವರು, ಇವರ್ಯಾರಿಗೂ ಆದಾಯದ ಮಿತಿ ಇಲ್ಲ. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯ ಒಳಗಿರಬೇಕು.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಮಹಿಳೆಯರ ವಿಷಯದಲ್ಲಿ. ಗಂಡನಿಗೆ ಸರ್ಕಾರಿ ನೌಕರಿ ಇದೆ, ಹೆಸರಿನಲ್ಲಿ ಎರಡು ಎಕರೆ ಗದ್ದೆ ಇದೆ, ಆದ್ದರಿಂದ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಹಿಳೆ ಎಂಬುದೇ ಸಾಕಾದ ಅರ್ಹತೆ. ಆದಾಯದ ಆಧಾರದ ಮೇಲೆ ಕೇಳುವವರು ನಾಡಕಚೇರಿಯ ಪ್ರಮಾಣಪತ್ರ ತಡವಾಗುತ್ತಿದ್ದರೆ ಅಫಿಡವಿಟ್ ಕೊಡಬಹುದು, 13ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ.

## ಹಂತ 4: ಕಾಗದದ ಕಟ್ಟು ಮಾಡಿ

ಬೇಕಾದ ಸಲಕರಣೆ ಇಷ್ಟೇ: ಒಂದು ದಾರದ ಫೈಲು, 100 ಪುಟದ ನೋಟ್‌ಬುಕ್ಕು, ಪೆನ್ನು. ಎಲ್ಲ ಕಾಗದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿ. ಮೂಲಪತ್ರಗಳು ಮನೆಯಲ್ಲೇ ಇರಲಿ. ತೋರಿಸಬೇಕಾದ ದಿನ ತಂದು, ತೋರಿಸಿ, ಅಂದೇ ವಾಪಸು ಒಯ್ಯಿರಿ. ಕೋರ್ಟಿಗೆ ಮೂಲಪತ್ರ ಹಾಜರುಪಡಿಸಬೇಕಾಗಿ ಬಂದರೆ ಯಾವುದನ್ನು ಯಾವ ದಿನ ಕೊಟ್ಟಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಎಲ್ಲರೂ ತರಬೇಕಾದ್ದು: ಆಧಾರ್, ಸಮನ್ಸು ಅಥವಾ ನೋಟಿಸು, ದಾವೆಯ ಪ್ರತಿ, ಅರ್ಹತೆಯ ದಾಖಲೆ (ಜಾತಿ, ಆದಾಯ ಅಥವಾ ಅಂಗವಿಕಲತೆಯ ಪ್ರಮಾಣಪತ್ರ, ಮಹಿಳೆಯರಿಗೆ ಆಧಾರ್ ಸಾಕು). ಜೊತೆಗೆ ಒಂದು ಪುಟದಲ್ಲಿ, ನಿಮ್ಮದೇ ಮಾತಿನಲ್ಲಿ, ನಡೆದದ್ದನ್ನು ತಾರೀಖಿನ ಕ್ರಮದಲ್ಲಿ ಬರೆದು ತನ್ನಿ. ಈ ಒಂದು ಪುಟ ಮಾಡುವ ಉಪಕಾರ ದೊಡ್ಡದು, ವಕೀಲರು ಮೊದಲು ಓದುವುದೇ ಅದನ್ನು.

ಭಾಗದ ಕೇಸಿಗೆ, ಅಂದರೆ ಆಸ್ತಿ ಪಾಲಿನ ಕೇಸಿಗೆ: ಪಹಣಿ, ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಪ್ರತಿ, ಋಣಭಾರ ಪತ್ರ, ಹಳೆಯ ಪಾಲುಪಟ್ಟಿ ಇದ್ದರೆ ಅದು, ಸತ್ತವರ ಮರಣ ಪ್ರಮಾಣಪತ್ರ, ವಂಶವೃಕ್ಷ. ವಂಶವೃಕ್ಷದಲ್ಲಿ ಒಂದು ತಪ್ಪು ಮೇಲಿಂದ ಮೇಲೆ ಆಗುತ್ತದೆ: ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಡುವುದು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ, ಇಲ್ಲವೇ ಕೋರ್ಟಿನ ಡಿಕ್ರಿಯಿಂದ ಆದ ಪಾಲು ಮಾತ್ರ ಕದಲುವುದಿಲ್ಲ. ಒಬ್ಬ ತಂಗಿಯನ್ನು ಬಿಟ್ಟು ಪಡೆದ ಡಿಕ್ರಿ ಆಕೆಯನ್ನು ಕಟ್ಟಿಹಾಕುವುದಿಲ್ಲ. ಆಕೆ ಬಂದು ಕೇಳಿದ ದಿನ ವರ್ಷಗಟ್ಟಲೆಯ ಅಲೆದಾಟ ಮತ್ತೆ ಮೊದಲಿನಿಂದ ಶುರು.

ಅಪಘಾತದ ಕೇಸಿಗೆ: ಎಫ್‌ಐಆರ್, ಮಹಜರು, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ವಾಹನದ ವಿಮೆ ವಿವರ, ಔಷಧಿಯ ಪ್ರತಿ ಬಿಲ್ಲು. ಮೆಡಿಕಲ್ ಸ್ಟೋರಿನ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ ಮೂಲದ ಜೊತೆ ಪಿನ್ ಮಾಡಿಡಿ.

## ಹಂತ 5: ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ

ಅರ್ಜಿ ನಮೂನೆ ಕಚೇರಿಯಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲೇ ಬರೆಯಬಹುದು. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿನ ಸಿಬ್ಬಂದಿಯೋ ಕಾನೂನು ಸ್ವಯಂಸೇವಕರೋ ಬರೆದುಕೊಳ್ಳುತ್ತಾರೆ.

“ನನಗೆ ನ್ಯಾಯ ಕೊಡಿಸಿ” ಎಂದಷ್ಟೇ ಬರೆದರೆ ಕೆಲಸ ಸಾಗುವುದಿಲ್ಲ. ಕೇಸಿನ ನಂಬರು, ಮುಂದಿನ ವಾಯಿದೆ, ನಿಮಗೆ ಬೇಕಾದ್ದೇನು ಎಂಬ ಮೂರನ್ನೂ ಬಿಡಿಸಿ ಬರೆಯಿರಿ. ಬೇಕಾದ್ದು ವಕೀಲರೇ, ನೋಟಿಸಿಗೆ ಉತ್ತರವೇ, ಬರೀ ಸಲಹೆಯೇ? ಮುಂದಿನ ವಾಯಿದೆಯನ್ನು ಅರ್ಜಿಯ ತಲೆಯಲ್ಲೇ ದಪ್ಪಕ್ಷರದಲ್ಲಿ ಬರೆದರೆ ಮೇಜಿನ ಆಚೆ ಕೂತವರ ಕಣ್ಣಿಗೆ ಅದೇ ಮೊದಲು ಬೀಳುತ್ತದೆ.

ಅರ್ಜಿಯ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ. ಅರ್ಜಿಯ ಮೇಲೆ 7 ದಿನದೊಳಗೆ ತೀರ್ಮಾನ ಆಗಬೇಕು. ಎಂಟನೇ ದಿನ ಸ್ವೀಕೃತಿ ಹಿಡಿದು ಹೋಗಿ ಕೇಳಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು, ಆ ಸಂಸ್ಥೆಯ ಅಧ್ಯಕ್ಷರಾದ ನ್ಯಾಯಾಧೀಶರಿಗೆ ಮೇಲ್ಮನವಿ ಕೊಡಬಹುದು.

ಈ ನಡುವೆ ವಾಯಿದೆ ಬಂದುಬಿಟ್ಟರೆ? ನೀವೇ ಕೋರ್ಟಿಗೆ ಹೋಗಿ. ಕಲಾಪ 11 ಗಂಟೆಗೆ ಶುರುವಾಗುತ್ತದೆ, 10:30ಕ್ಕೇ ಅಲ್ಲಿರಿ. ಕೋರ್ಟ್ ಹಾಲಿನ ಹೊರಗೆ ಹಾಕಿರುವ ಅಂದಿನ ಕೇಸುಗಳ ಪಟ್ಟಿಯಲ್ಲಿ ನಿಮ್ಮ ನಂಬರು ಎಷ್ಟನೆಯದೆಂದು ನೋಡಿ, ಒಳಗೆ ಹಿಂದಿನ ಬೆಂಚಿನಲ್ಲಿ ಕೂರಿ. ಟೀ ಕುಡಿಯಲು ಹೊರಗೆ ಹೋಗಬೇಡಿ. ಹೆಸರು ಕೂಗಿದ ಕೂಡಲೇ ಮುಂದೆ ಹೋಗಿ ಇಷ್ಟು ಹೇಳಿ: “ಸ್ವಾಮಿ, ನಾನು ಎರಡನೇ ಪ್ರತಿವಾದಿ. ಉಚಿತ ವಕೀಲರಿಗಾಗಿ ಅರ್ಜಿ ಕೊಟ್ಟಿದ್ದೇನೆ, ಇದು ಸ್ವೀಕೃತಿ. ಸ್ವಲ್ಪ ಕಾಲಾವಕಾಶ ಕೊಡಬೇಕು.” ಕನ್ನಡದಲ್ಲೇ ಹೇಳಿ, ಹೆದರಬೇಡಿ. ಖುದ್ದು ಹಾಜರಾಗಿ ಮಾತಾಡುವುದು ಪಕ್ಷಗಾರರ ಹಕ್ಕು. ಎಕ್ಸ್‌ಪಾರ್ಟಿ ಆಗದಂತೆ ಕಾಪಾಡಿಕೊಳ್ಳಲು ಅಂದು ಈ ಎರಡು ಮಾತು ಸಾಕಾಗುತ್ತದೆ.

ಮನೆಯವರು ಬಂಧನದಲ್ಲಿದ್ದರೆ ಈ ಅರ್ಜಿ, ಕಾಗದಗಳಿಗೆಲ್ಲ ಕಾಯಬೇಡಿ. ಪೊಲೀಸರು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಕೀಲರಿಲ್ಲ ಎಂದು ಅಲ್ಲೇ ಬಾಯಿಬಿಟ್ಟು ಹೇಳಿದರೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ.

## ಹಂತ 6: ವಕೀಲರು ಸಿಕ್ಕ ಮೇಲೆ

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನೇಮಕದ ಪತ್ರ ಬಂದ ಎರಡು ಮೂರು ದಿನದೊಳಗೆ ವಕೀಲರನ್ನು ಕಂಡು ವಕಾಲತ್ತಿಗೆ (ನಿಮ್ಮ ಪರ ವಾದಿಸಲು ಅವರಿಗೆ ಕೊಡುವ ಅಧಿಕಾರಪತ್ರ) ಸಹಿ ಮಾಡಿ. ವಕಾಲತ್ತು ಕೋರ್ಟಿಗೆ ಹೋಗುವವರೆಗೆ ಅವರು ನಿಮ್ಮ ಪರ ನಿಲ್ಲಲಾರರು. ಖಾಲಿ ಕಾಗದಕ್ಕೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ, ಯಾರೇ ಕೇಳಿದರೂ.

ಮೊದಲೇ ಖಾಸಗಿ ವಕೀಲರಿದ್ದರೆ ಅವರಿಂದ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಬೇಕಾಗುತ್ತದೆ. ಅದಿಲ್ಲದೆ ಹೊಸ ವಕಾಲತ್ತಿಗೆ ಆಫೀಸು ಆಕ್ಷೇಪಣೆ ಹಾಕಿ, ವಾಯಿದೆಗಳು ಸುಮ್ಮನೆ ಉರುಳುತ್ತವೆ. ಎನ್‌ಒಸಿ ಕೊಡದಿದ್ದರೆ ಹೊಸ ವಕೀಲರ ಮೂಲಕ ಕೋರ್ಟಿನ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಎಂಬ ಕಾರಣಕ್ಕೆ ವಕೀಲರು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ.

ಕೋರ್ಟ್ ಶುಲ್ಕ, ಪ್ರೋಸೆಸ್ (ಸಮನ್ಸ್ ಜಾರಿಯ) ಶುಲ್ಕ, ದಾವೆ ಬರೆಸುವ ಖರ್ಚು, ನಕಲಿನ ಖರ್ಚು, ವಕೀಲರ ಫೀಸು ಎಲ್ಲವೂ ಕಾನೂನು ನೆರವಿನಲ್ಲೇ ಸೇರಿವೆ. ನೇಮಕಗೊಂಡ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ.

ಕೇಸಿನ ಹಾಳೆಗಳಲ್ಲಿ ‘ಕೆಎ’ಯಿಂದ ಶುರುವಾಗುವ 16 ಅಕ್ಷರ–ಅಂಕಿಗಳ ಸಿಎನ್‌ಆರ್ ನಂಬರನ್ನು ಹುಡುಕಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಇ–ಕೋರ್ಟ್ಸ್ ಆ್ಯಪಿನಲ್ಲಿ ಆ ನಂಬರು ಹಾಕಿದರೆ ಕೇಸು ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಯಾವತ್ತು ಎಂದು ಕಾಣುತ್ತದೆ. ಪ್ರತಿ ವಾಯಿದೆಯಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು: ತಾರೀಖು, ಏನಾಯಿತು, ಮುಂದಿನದು ಯಾವತ್ತು, ಯಾತಕ್ಕೆ.

ಎಚ್ಚರಿಕೆಯ ಸೂಚನೆಗಳು: ಸತತ ಎರಡು ವಾಯಿದೆಗೆ ವಕೀಲರು ಬಾರದಿರುವುದು. ಯಾರದೋ ಹೆಸರು ಹೇಳಿ ಹಣ ಕೇಳುವುದು. “ನೀವು ಬರೋದು ಬೇಡ, ನಾನು ನೋಡ್ಕೊತೀನಿ” ಎಂದು ಸಾಕ್ಷ್ಯದ ದಿನವೂ ಹೇಳುವುದು. ಇವುಗಳಲ್ಲಿ ಯಾವುದು ಕಂಡರೂ ಕಾನೂನು ಸೇವಾ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಬೇರೆ ವಕೀಲರನ್ನು ಕೇಳಿ. ಬದಲಾಯಿಸಿಕೊಡಲು ಅವಕಾಶವಿದೆ. ಬಾಯಿಮಾತಿನ ದೂರು ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ.

## ಹಂತ 7: ಲೋಕ ಅದಾಲತ್‌ನಲ್ಲಿ ಸಹಿ ಹಾಕುವ ಮುನ್ನ

ಎರಡೂ ಕಡೆಯವರು ಒಪ್ಪಿ ರಾಜಿಯಲ್ಲಿ ಕೇಸು ಮುಗಿಸಿಕೊಳ್ಳುವ ರಾಷ್ಟ್ರೀಯ ಲೋಕ ಅದಾಲತ್ ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ, ಶನಿವಾರ ನಡೆಯುತ್ತದೆ. ಚೆಕ್ ಬೌನ್ಸ್, ಅಪಘಾತ ಪರಿಹಾರ, ಬ್ಯಾಂಕ್ ಸಾಲ, ಭಾಗದ ಕೇಸು, ರಾಜಿಯಾಗಬಲ್ಲ ಕ್ರಿಮಿನಲ್ ಕೇಸುಗಳನ್ನು ಅಲ್ಲಿ ಮುಗಿಸಿಕೊಳ್ಳಬಹುದು. ಕಾಯ್ದೆ ರಾಜಿಗೆ ಬಿಡದ ಅಪರಾಧಗಳು ಅಲ್ಲಿಗೆ ಬರುವುದಿಲ್ಲ. ಕಟ್ಟಿದ ಕೋರ್ಟ್ ಶುಲ್ಕ ವಾಪಸು ಸಿಗುತ್ತದೆ. ಕೇಸು ಹಾಕುವುದಕ್ಕೆ ಮೊದಲೇ ವ್ಯಾಜ್ಯಪೂರ್ವ ಅರ್ಜಿಯಾಗಿಯೂ ಕೊಡಬಹುದು.

ಅದಾಲತ್ ಯಾರ ಮೇಲೂ ತೀರ್ಪು ಹೇರುವುದಿಲ್ಲ. ಒಪ್ಪಿಗೆಯಾಗದಿದ್ದರೆ ಕಡತ ಬಂದ ಕೋರ್ಟಿಗೇ ಮರಳುತ್ತದೆ, ನಿಮಗೆ ನಷ್ಟವೇನಿಲ್ಲ. ಆದರೆ ಒಪ್ಪಿ ಸಹಿ ಹಾಕಿದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಹಾಗಾಗಿ ಎಲ್ಲಕ್ಕಿಂತ ನಿಧಾನ ಮಾಡಬೇಕಾದ ಜಾಗ ಇದು. ಅಂದು ನೂಕುನುಗ್ಗಲು ಇರುತ್ತದೆ, ಎಲ್ಲರಿಗೂ ಅವಸರ. ನೀವು ಮಾತ್ರ ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಒಂದು ಭಾಗದ ರಾಜಿಯನ್ನು ಹತ್ತಿರದಿಂದ ನೋಡಿ. 2 ಎಕರೆ 10 ಗುಂಟೆ ಕಬ್ಬಿನ ಗದ್ದೆ, ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಒಟ್ಟು 90 ಗುಂಟೆ, ತಲಾ 30. “ಮೂವರಿಗೂ ಸಮಪಾಲು” ಎಂದಷ್ಟೇ ಬರೆದರೆ ಜಗಳ ಕಾಗದದಿಂದ ಗದ್ದೆಗೆ ಇಳಿಯುತ್ತದೆ. ನಾಲೆಯ ಕಡೆಯ 30 ಗುಂಟೆ ಯಾರಿಗೆ? ಕೊಳವೆಬಾವಿ ಯಾರ ಪಾಲಿನಲ್ಲಿ, ಉಳಿದಿಬ್ಬರಿಗೆ ನೀರು ವಾರದಲ್ಲಿ ಎಷ್ಟು ದಿನ? ಹಿಂದಿನ ತುಂಡಿಗೆ ಬಂಡಿ ದಾರಿ ಎಷ್ಟು ಅಡಿ ಅಗಲ? ಬದುವಿನ ತೆಂಗಿನಮರ ಯಾರವು? ಈಗ ನಿಂತಿರುವ ಬೆಳೆಯನ್ನು ಕಡಿಯುವವರು ಯಾರು? ಸರ್ವೆ ನಂಬರು, ವಿಸ್ತೀರ್ಣ, ಪ್ರತಿ ತುಂಡಿನ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆಸಿ, ಕೈನಕ್ಷೆಯಾದರೂ ಸರಿ, ಎಲ್ಲರ ಸಹಿಯೊಂದಿಗೆ ಲಗತ್ತಿಸಿ. ಖರಾಬು (ಸಾಗುವಳಿಗೆ ಬಾರದ ಜಾಗ) ಇದ್ದರೆ ಅದನ್ನು ಬೇರೆಯಾಗಿ ತೋರಿಸಿ, ಇಲ್ಲದಿದ್ದರೆ ಅಳತೆಯ ದಿನ ಒಬ್ಬರ ಪಾಲು ಕುಗ್ಗುತ್ತದೆ.

ಹಣದ ರಾಜಿಯಾದರೆ ಮೊತ್ತ ಅಂಕಿ ಅಕ್ಷರ ಎರಡರಲ್ಲೂ, ಪ್ರತಿ ಕಂತಿನ ತಾರೀಖು, ಒಂದು ಕಂತು ತಪ್ಪಿದರೆ ಏನು ಎಂಬುದು ಇರಲೇಬೇಕು. ತಪ್ಪಿದರೆ ಉಳಿದ ಪೂರ್ತಿ ಹಣವನ್ನು ಬಡ್ಡಿ ಸಮೇತ ಒಟ್ಟಿಗೇ ಕೊಡಬೇಕು ಎಂಬ ಸಾಲು ಬಿಟ್ಟುಹೋಗಿ ಎಷ್ಟೋ ರಾಜಿಗಳು ಹಾಳಾಗಿವೆ.

ಹೆಸರಿನಲ್ಲಿ ಹೋಲಿಕೆ ಇದ್ದರೂ ಖಾಯಂ ಲೋಕ ಅದಾಲತ್ ಬೇರೆ. ಮೈಸೂರಿನಲ್ಲಿ ಅದು ಇದೆ. ವಿದ್ಯುತ್, ನೀರು, ಸಾರಿಗೆ, ಅಂಚೆ, ದೂರವಾಣಿ, ಆಸ್ಪತ್ರೆ, ವಿಮೆಯಂಥ ಸೇವೆಗಳ ತಕರಾರು 1 ಕೋಟಿ ರೂಪಾಯಿವರೆಗೆ ಅಲ್ಲಿಗೆ ಒಯ್ಯಬಹುದು. ಅಲ್ಲಿ ರಾಜಿಯಾಗದಿದ್ದರೆ, ವಿಷಯ ಅಪರಾಧಕ್ಕೆ ಸಂಬಂಧಿಸಿಲ್ಲದಿದ್ದರೆ, ಅವರೇ ತೀರ್ಮಾನ ಕೊಡುತ್ತಾರೆ, ಅದೇ ಅಂತಿಮ. ಅಲ್ಲಿ ಅರ್ಜಿ ಹಾಕಿದ ಮೇಲೆ ಅದೇ ವಿಷಯಕ್ಕೆ ಬೇರೆ ಕೋರ್ಟಿಗೆ ಹೋಗುವಂತಿಲ್ಲ. ಈಗಾಗಲೇ ಕೋರ್ಟಿನಲ್ಲಿರುವ ವಿಷಯವನ್ನು ಅಲ್ಲಿ ತೆಗೆದುಕೊಳ್ಳುವುದೂ ಇಲ್ಲ.

## ಹಂತ 8: ತೀರ್ಪಾದ ಮೇಲಿನ ಕೆಲಸ

ತೀರ್ಪು ಬಂದ ದಿನವೇ, ತಪ್ಪಿದರೆ ಮರುದಿನ, ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ನಕಲು ತಯಾರಾಗಲು ಹಿಡಿದ ದಿನಗಳನ್ನು ಮೇಲ್ಮನವಿಯ ಗಡುವಿನಿಂದ ಕಳೆಯುತ್ತಾರೆ. ಆದರೆ ಅರ್ಜಿಯನ್ನೇ ಹಾಕದೆ ಕಳೆದ ದಿನಗಳು ನಿಮ್ಮ ಲೆಕ್ಕಕ್ಕೇ ಬೀಳುತ್ತವೆ. ನಕಲಿನ ಕೊನೆಯ ಪುಟದಲ್ಲಿ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ ನಮೂದಾಗಿರುತ್ತವೆ. ಸರಿಯಿದೆಯೇ ನೋಡಿಕೊಂಡೇ ಪಡೆಯಿರಿ.

ಗೆದ್ದವರು ಎಡವುವುದು ಇಲ್ಲಿಯೇ. ಭಾಗದ ಕೇಸಿನಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟು ಪಾಲು ಎಂದಷ್ಟೇ ಅದು ಹೇಳುತ್ತದೆ. ಜಮೀನು ತುಂಡಾಗಿ ಕೈಗೆ ಬರಬೇಕಾದರೆ ಎಫ್.ಡಿ.ಪಿ. (ಅಂತಿಮ ಡಿಕ್ರಿಯ ಕಲಾಪ) ನಡೆಯಬೇಕು. ಅದರಲ್ಲಿ ಅಳತೆಯಾಗಿ, ನಕ್ಷೆಯಾಗಿ, ಅಂತಿಮ ಡಿಕ್ರಿ ಬರುತ್ತದೆ. ಹಣದ ಡಿಕ್ರಿಯಾಗಲಿ, ಲೋಕ ಅದಾಲತ್ತಿನ ಅವಾರ್ಡ್ ಆಗಲಿ, ಎದುರಿನವರು ಪಾಲಿಸದಿದ್ದರೆ ಅಮಲ್ಜಾರಿ ಅರ್ಜಿ (ಡಿಕ್ರಿಯನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವ ಅರ್ಜಿ) ಹಾಕಬೇಕು. ಅದಕ್ಕೆ 12 ವರ್ಷ ಕಾಲಾವಕಾಶ ಇದ್ದರೂ ತಡಮಾಡಿದಷ್ಟೂ ಜಪ್ತಿಗೆ ಸಿಗುವ ಆಸ್ತಿ ಕೈಬದಲಾಗುತ್ತಾ ಹೋಗುತ್ತದೆ. ಈ ಎರಡೂ ಅರ್ಜಿಗಳಿಗೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಹಳೆಯ ನೇಮಕ ಪತ್ರದಲ್ಲೇ ಮುಂದುವರಿಯಬಹುದೋ ಹೊಸ ಅರ್ಜಿ ಬೇಕೋ ಎಂದು ಕಾನೂನು ಸೇವಾ ಕಚೇರಿಯಲ್ಲಿ ಕೇಳಿ, ನಕಲಿನ ಒಂದು ಜೆರಾಕ್ಸನ್ನು ಅಲ್ಲಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಎಂದಿನಂತೆ ಸೀಲು ಹಾಕಿಸಿಕೊಂಡು ಬನ್ನಿ.